ಮಾವನ ಗಿಟಾರಿಗೆ ಬಾಯಿ ಕಟ್ಟಿದ್ದು

ಸೆಪ್ಟೆಂಬರ್ 12, ಗುರುವಾರ

ಇವತ್ತೂ ಬಚ್ಚಲಿನ ಸಾಲಿನಲ್ಲಿ ಕೊನೆಯವಳು ನಾನೇ. ಮಹಡಿಯ ಹುಡುಗಿಯರೆಲ್ಲ ಮುಗಿಸುವ ಹೊತ್ತಿಗೆ ತೊಟ್ಟಿಯ ತಳ ಕಾಣುತ್ತಿತ್ತು. ಒದ್ದೆ ತಲೆಯಲ್ಲೇ ಸರ್ಕಿಟ್ ಕ್ಲಾಸಿಗೆ ಓಟ. ಮೇಷ್ಟ್ರು ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು. ಹೇಳಿದೆ ಕೂಡ. ‘ಯಾರಿಗೂ ಗೊತ್ತಿಲ್ವಾ?’ ಎಂದರು. ಕೇಳಿಸಿಯೇ ಇರಲಿಲ್ಲ. ಹಿಂದಿನ ಬೆಂಚಿನವನು ನನ್ನ ಉತ್ತರವನ್ನೇ ಎತ್ತಿ ಹೇಳಿ ಶಹಬಾಸ್ ಗಿಟ್ಟಿಸಿದ.

ಮಲೇಷಿಯಾದ ಪೆನಾಂಗಿನ ಹಾಸ್ಟೆಲ್ ಸ್ಕೂಲು ಕೊಟ್ಟು ಕಳಿಸಿದ್ದು ಈ ಸಣ್ಣ ದನಿ. ಇಂಡೋರ್ ವಾಯ್ಸ್, ಗರ್ಲ್ಸ್ — ಸಿಸ್ಟರ್ ಬೆರಳೆತ್ತಿದರೆ ಊಟದ ಹಾಲಿನಲ್ಲಿ ಚಮಚದ ಸದ್ದೂ ನಿಲ್ಲುತ್ತಿತ್ತು. ರಜೆಗೆ ಊರಿಗೆ ಹೋದರೆ ಅಜ್ಜಿ ಕಿವಿಗೆ ಅಂಗೈ ಹಿಡಿದು, ‘ಇದು ಮಾತಾಡ್ತೋ, ಸೊಳ್ಳೆ ಬಂತೋ?’ ಎನ್ನುತ್ತಾಳೆ. ಸುಮಾತ್ರಾದ ತೋಬಾ ಸರೋವರದ ದಡದ ಬತಾಕ್ ಜನ ನಾವು. ಮಾತೆಂದರೆ ನೀರಿನಾಚೆಗೂ ಕೇಳಬೇಕು. ನನಗೆ ಆ ಭಾಷೆಯೇ ಅರ್ಧ, ಉಳಿದರ್ಧಕ್ಕೆ ಇಂಗ್ಲಿಷ್ ತುಂಬುತ್ತೇನೆ. ಕಾಲೇಜಿರುವ ಈ ಬಾಂಡುಂಗಿನಲ್ಲಿ ಪರವಾಗಿಲ್ಲ. ಇಲ್ಲಿ ಯಾರೂ ದನಿ ಎತ್ತುವುದಿಲ್ಲ.

ಸಂಜೆ ಗಿಲಾಂಗ್‌ನಿಂದ ಮೆಸೇಜ್. ಸೀನಿಯರ್, ಡ್ರಮ್ಸ್ ಬಾರಿಸುತ್ತಾನೆ, ಬ್ಯಾಂಡು ಅವನದೇ. ಶನಿವಾರ ಪ್ರಾಕ್ಟೀಸಿಗೆ ಬಾ, ಗಿಟಾರ್ ತಾ. ಮೂರು ಸಲ ಓದಿದೆ. ಊಟ ಸೇರಲಿಲ್ಲ.

ಗಿಟಾರ್ ನನ್ನದಲ್ಲ, ಮಾವನದು. ಅಮ್ಮನ ಅಣ್ಣ. ಹಳೆಯ ಜಪಾನಿನ ಮಾಲು — ಅಂಚು ಕಪ್ಪು, ನಡುವೆ ಜೇನುತುಪ್ಪದ ಬಣ್ಣ, ಮೊಣಕೈ ಉಜ್ಜಿ ಉಜ್ಜಿ ಒಂದು ಕಡೆ ಮರ ಕಾಣುತ್ತಿದೆ. ಕಾಲೇಜಿಗೆ ಹೊರಟಾಗ ಗೋಡೆಯ ಗೂಟದಿಂದ ತೆಗೆದು ಕೊಟ್ಟರು. ‘ಈಗ ಮದುವೆಗೆಲ್ಲ ಕೀಬೋರ್ಡೇ ಕರೀತಾರೆ. ಇದು ಗೋಡೆ ಮೇಲೆ ನೇತಾಡೋದಕ್ಕಿಂತ ನಿನ್ನ ಹೆಗಲ ಮೇಲೆ ನೇತಾಡ್ಲಿ. ಆದ್ರೆ ನಾನು ಕರೆದಾಗ ತರಬೇಕು.’

ಸೆಪ್ಟೆಂಬರ್ 14, ಶನಿವಾರ

ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಮೊದಲ ಸ್ವರಕ್ಕೇ ವುಲಾನ್ ಕಿವಿ ಮುಚ್ಚಿಕೊಂಡಳು. ಬೇಸ್ ಗಿಟಾರ್ ನುಡಿಸುವವಳು. ಸುಮ್ಮನೆ ಮುಚ್ಚಿದಳು, ಬೇಕೆಂದಲ್ಲ. ಅದೇ ಹೆಚ್ಚು ಚುಚ್ಚಿದ್ದು.

ಗಿಲಾಂಗ್ ಕೋಲು ಕೆಳಗಿಟ್ಟ. ‘ತಿಯುರ್, ತಗಡಿನ ಮೇಲೆ ಮೊಳೆ ಎಳೀತಿದ್ದೀಯಾ?’

‘ಇವರ ಕಡೆಯೋರು ಮಾತಾಡೋದೇ ಹಂಗೆ ಕಣೋ,’ ಎಂದಳು ವುಲಾನ್. ‘ಬಸ್ಸಲ್ಲಿ ಇಬ್ರು ಬತಾಕ್ ಅಂಕಲ್‌ಗಳು ಕ್ಷೇಮ ಕೇಳ್ಕೊಳ್ತಿದ್ರು. ನಾನು ಜಗಳ ಅಂದ್ಕೊಂಡು ಬಿಡಿಸೋಕೆ ಎದ್ದೆ.’

ಎಲ್ಲರೂ ನಕ್ಕರು. ನಾನೂ ನಕ್ಕೆ.

ತಪ್ಪು ಬ್ರಿಜ್ ಪಿಕಪ್ಪಿನದು. ತಂತಿಗಳು ಬುಡದಲ್ಲಿ ಕಚ್ಚಿಕೊಳ್ಳುವ ಕಡೆ, ಅಂದರೆ ಬ್ರಿಜ್ಜಿನ ಪಕ್ಕ, ಕೂತಿರುವ ಆಯಸ್ಕಾಂತದ ಪಟ್ಟಿ ಅದು. ಇಂಥವು ಮೂರಿವೆ. ಕುತ್ತಿಗೆಯ ಕಡೆಯದು ಮೆತ್ತಗೆ, ನಡುವಿನದು ಸಾಧಾರಣ, ಇದು ಮಾತ್ರ ಕಿರುಚುವ ಜಾತಿ. ಮೂರರಲ್ಲಿ ಯಾವುದು ಬೇಕೋ ಅದಕ್ಕೆ ತಿರುಗಿಸಲು ಒಂದು ಸಣ್ಣ ಸನ್ನೆ, ಸ್ವಿಚ್ಚಿನ ಕಡ್ಡಿ, ಇದೆ. ತಿರುಗಿಸೋಣವೆಂದರೆ ಜಪ್ಪಯ್ಯ ಅನ್ನಲಿಲ್ಲ. ಮಾವ ಸಿಗರೇಟು ಪ್ಯಾಕಿನ ರಟ್ಟು ಮಡಚಿ ಸನ್ನೆಯ ಸಂದಿಗೆ ತುರುಕಿದ್ದಾರೆ, ಅದು ಬ್ರಿಜ್ಜಿನ ಕಡೆಯಿಂದ ಅಲುಗದ ಹಾಗೆ. ಎಷ್ಟು ವರ್ಷದಿಂದಲೋ.

‘ಎಲ್ಲಿ ಸಿಕ್ತು ಈ ಗಿಟಾರು?’ ಎಂದ ಗಿಲಾಂಗ್.

‘ಸೆಕೆಂಡ್ ಹ್ಯಾಂಡ್. ಇಲ್ಲೇ ಪೇಟೇಲಿ,’ ಎಂದೆ.

ಅದು ಬಾಯಿಗೆ ಎಷ್ಟು ಸಲೀಸಾಗಿ ಬಂತು. ಉತ್ತರ ಹೇಳುವಾಗ ಬರದ ದನಿ, ಸುಳ್ಳಿಗೆ ಸರಿಯಾಗಿ ಕೇಳಿಸುವಷ್ಟು ಬಂತು.

ಸೆಪ್ಟೆಂಬರ್ 18, ಬುಧವಾರ

ರಟ್ಟು ಕಿತ್ತು ತೆಗೆದೆ. ಪುಡಿಪುಡಿಯಾಗಿ ಬಂತು. ಕಸದ ಬುಟ್ಟಿಗೆ.

ಕುತ್ತಿಗೆಯ ಪಿಕಪ್ಪಿಗೆ ತಿರುಗಿಸಿ ನುಡಿಸಿದರೆ ಗಿಲಾಂಗ್ ತಲೆಯಾಡಿಸಿದ. ಆದರೆ ಹಾಡಿನ ನಡುವೆ ಎಲ್ಲರೂ ಒಟ್ಟಿಗೆ ಏರುವ ಜಾಗದಲ್ಲಿ ನಾನು ಮುಳುಗಿ ಹೋಗುತ್ತೇನೆ. ‘ಅಲ್ಲಿ ಬ್ರಿಜ್ಜೇ ಬೇಕು. ಅಂಚಿರಲಿ, ಕೊಯ್ಯೋದು ಬೇಡ. ಏನಾದ್ರೂ ಮಾಡು, ಎಲೆಕ್ಟ್ರಿಕಲ್ ತಾನೆ ನೀನು?’ ಎಂದ.

ಅದೇ ಹೊತ್ತಿಗೆ ಮಾವನ ಫೋನು. ಕಾರಿಡಾರಿಗೆ ಓಡಿದೆ. ಅವರು ಫೋನಿಲ್ಲದೆಯೂ ಸುಮಾತ್ರಾದಿಂದ ಜಾವಾಕ್ಕೆ ಕೇಳಿಸುವ ಹಾಗೆ ಮಾತಾಡುತ್ತಾರೆ. ವಾಲ್ಯೂಮ್ ಪೂರ್ತಿ ಇಳಿಸಿ ಕಿವಿಗೆ ಒತ್ತಿಕೊಂಡೆ.

‘ಏನ್ ತಾಯಿ, ಉಂಡ್ಯಾ?’

‘ಉಂಡೆ ಮಾವ.’

‘ಆಂ?’

‘ಉಂಡೆ.’

‘ಬಾಯಿ ಬಿಟ್ಟು ಮಾತಾಡೇ, ಫೋನು ಕಚ್ಚಲ್ಲ. ಗಿಟಾರು ಕೂಗ್ತಿದ್ಯಾ?’

‘ಕೂಗ್ತಿದೆ ಮಾವ.’

‘ನಾನಿಟ್ಟಿರೋ ಜಾಗದಿಂದ ಅಲುಗಿಸಬೇಡ. ಉಳಿದೆರಡು ಮಲಗೋ ಕೋಣೆಗೆ. ಅದು ಅಂಗಳಕ್ಕೆ.’

ಹೂಂ ಎಂದೆ. ಬುಟ್ಟಿಯಲ್ಲಿ ರಟ್ಟಿನ ಪುಡಿ ಇನ್ನೂ ಇತ್ತು.

ಸೆಪ್ಟೆಂಬರ್ 21, ಶನಿವಾರ

ಪಿಕಪ್ಪಿನ ಎರಡು ಸ್ಕ್ರೂ ಸಡಿಲಿಸಿ ತಂತಿಯಿಂದ ದೂರಕ್ಕೆ ಇಳಿಸಿದೆ. ಕಿರುಚಾಟ ಸಣ್ಣದಾಯಿತು, ಆದರೆ ಕಿರುಚಾಟವೇ. ಬಾಗಿಲು ಹಾಕಿದ ಮನೆಯೊಳಗಿಂದ ಬೈಯುವ ಹಾಗೆ. ಆಂಪಿನಲ್ಲಿ ಹರಿತದ ಗುಂಡಿ, ಟ್ರೆಬಲ್, ಸೊನ್ನೆಗೆ ತಂದರೆ ವುಲಾನಳ ಬೇಸೂ ಅದೇ ಆಂಪಿಗೆ, ಅವಳದು ಮಂಕಾಗುತ್ತದೆ. ದಪ್ಪ ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಲ್ಲಿ ಮೀಟಿದೆ. ಬೆರಳಲ್ಲಿ ಬೊಬ್ಬೆ ಎದ್ದಿತು.

ವುಲಾನ್ ಪಾಪ ಒಳ್ಳೆಯವಳು. ಬಾಳೆಹಣ್ಣಿನ ಬೋಂಡ ತಂದಿದ್ದಳು. ‘ತಿಯುರ್, ನೀನು ಬತಾಕ್ ಅಂತ ಅನ್ನಿಸೋದೇ ಇಲ್ಲ, ಎಷ್ಟು ಸಾಫ್ಟು,’ ಎಂದಳು. ಹೊಗಳಿಕೆ ಅದು. ಥ್ಯಾಂಕ್ಸ್ ಎಂದೆ.

ಥ್ಯಾಂಕ್ಸ್ ಅಂದೆನಲ್ಲ.

ಸೆಪ್ಟೆಂಬರ್ 27, ಶುಕ್ರವಾರ, ಮಧ್ಯಾಹ್ನ

ಲ್ಯಾಬಿನಲ್ಲಿ ಊಟದ ಬಿಡುವು. ಯಾರೂ ಇಲ್ಲ. ಗಿಟಾರಿನ ಎದೆಯ ತಗಡು ಬಿಚ್ಚಿದೆ. ಒಳಗೆ ಜೇಡರ ಬಲೆ, ಒಂದು ಒಣಗಿದ ಮೆಣಸಿನ ಬೀಜ. ಮದುವೆಮನೆಯದ್ದಿರಬೇಕು.

ಬ್ರಿಜ್ ಪಿಕಪ್ಪಿಗೆ ಟೋನ್ ಗುಂಡಿಯ ಸಂಪರ್ಕವೇ ಇಲ್ಲ. ಉಳಿದೆರಡಕ್ಕಿದೆ. ಅಂದರೆ ಹೊರಗಿನ ಯಾವ ಗುಂಡಿ ತಿರುಗಿಸಿದರೂ ಅದರ ಹರಿತ ಕಮ್ಮಿಯಾಗುವುದಿಲ್ಲ. ಅದಕ್ಕೆ ಪಿಕಪ್ಪಿನ ಎರಡು ವೈರುಗಳ ನಡುವೆ ನೇರವಾಗಿ ಕೆಪಾಸಿಟರ್ ಬೆಸೆದೆ. ಹರಿತವೆಲ್ಲ ಅದರ ಮೂಲಕ ಸೋರಿ ಹೋಗುತ್ತದೆ, ಮೆತ್ತನೆಯದಷ್ಟೇ ಹೊರಗೆ. ಮೊದಲು ಹಾಕಿದ್ದು ದೊಡ್ಡದಾಯಿತು, ಕಂಬಳಿ ಹೊದ್ದು ಹಾಡಿದ ಹಾಗೆ. ಕಿತ್ತು ಚಿಕ್ಕದು ಹಾಕಿದೆ. ಹಸಿರು ಬಣ್ಣ, ಹೆಸರುಕಾಳಿನಷ್ಟು.

ನುಡಿಸಿದೆ. ಅಬ್ಬಾ. ಬೆಣ್ಣೆ.

ಹೊರಗೆ ಒಂದು ಗುರುತೂ ಇಲ್ಲ. ಕ್ಲಾಸಿಗೆ ಸೇರಿ ಒಂದು ತಿಂಗಳಾಗುವುದರೊಳಗೆ ನಿಜವಾದ ಕೆಲಸವೊಂದನ್ನು ಸರಿಯಾಗಿ ಮಾಡಿದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ?

ಅಕ್ಟೋಬರ್ 5, ಶನಿವಾರ

ಫ್ರೆಶರ್ಸ್ ಸಂಜೆ ಮುಗಿಯಿತು. ಒಂದು ಸ್ವರವೂ ತಪ್ಪಲಿಲ್ಲ. ಏರುವ ಜಾಗದಲ್ಲಿ ಗಿಲಾಂಗ್ ತಿರುಗಿ ನೋಡಿ ನಕ್ಕ. ಆಮೇಲೆ ಎಲ್ಲರೆದುರು, ‘ಈಗ ನೋಡು, ಮನುಷ್ಯರ ಥರ ಮಾತಾಡ್ತಿದೆ,’ ಎಂದ.

ಎಲ್ಲರೂ ಚಪ್ಪಾಳೆ. ನನಗೆ ಖುಷಿಯಾಯಿತು. ನಿಜವಾಗಿ ಆಯಿತು. ಹಾಸ್ಟೆಲಿಗೆ ಬಂದು ಬೂಟು ಬಿಚ್ಚುವಾಗ ಆ ಮಾತು ಮತ್ತೆ ಕೇಳಿಸಿತು. ಹಾಗಾದರೆ ಇಷ್ಟು ವರ್ಷ ಅದು ಯಾರ ಥರ ಮಾತಾಡುತ್ತಿತ್ತು?

ಅಕ್ಟೋಬರ್ 29, ಮಂಗಳವಾರ

ಅಜ್ಜಿ ಹೋದಳು. ಬೆಳಗ್ಗೆ ಕಾಫಿ ಕೇಳಿದಳಂತೆ, ತರುವಷ್ಟರಲ್ಲಿ ಇರಲಿಲ್ಲ. ಅಮ್ಮ ಮೇದಾನ್ ನಗರದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು, ಅಲ್ಲಿಂದಲೇ ಫೋನ್. ಅಳುತ್ತಿರಲಿಲ್ಲ. ಅಳುವ ಸಾವಲ್ಲ ಇದು. ಮಕ್ಕಳೆಲ್ಲರ ಮದುವೆ ಆಗಿ, ಮೊಮ್ಮಕ್ಕಳಿಗೂ ಮಕ್ಕಳಾದ ಮೇಲೆ ಹೋದವಳನ್ನು ವಾದ್ಯ ಬಾರಿಸಿ ಕುಣಿದು ಕಳಿಸಬೇಕು.

ಆಮೇಲೆ ಮಾವ. ಈ ಸಲ ಕೂಗಲಿಲ್ಲ. ‘ತಿಯುರ್, ಗಿಟಾರು ತಗೊಂಡು ಬಾ. ಬೇರೆ ಯಾವ್ದೂ ಬೇಡ. ಅಮ್ಮನಿಗೆ ಅದರ ದನಿ ಗೊತ್ತು.’

ಅಜ್ಜಿಗೆ ಗೊತ್ತಿತ್ತು, ಹೌದು. ಕೊಲ್ಲಿಯಾಚೆಯ ಊರಿನ ಮದುವೆಯಲ್ಲಿ ಮಾವ ಬಾರಿಸುತ್ತಿದ್ದರೆ ಇವಳು ಇಲ್ಲಿ ಅಂಗಳದಲ್ಲಿ ನಿಂತು, ‘ಸಹಾತನಪ್ಪ ಇನ್ನೂ ಬೀಗರನ್ನ ಕುಣಿಸ್ತಿದ್ದಾನೆ, ಅನ್ನಕ್ಕೆ ಈಗ್ಲೇ ಇಡಬೇಡ,’ ಎಂದು ಅತ್ತೆಗೆ ಹೇಳುತ್ತಿದ್ದಳು. ಸಹಾತ್ ಮಾವನ ಮಗ, ನಮ್ಮಲ್ಲಿ ಅಪ್ಪನನ್ನು ಮಗುವಿನ ಹೆಸರಿನಿಂದಲೇ ಕರೆಯುವುದು. ತನ್ನ ಮಗ ಎಲ್ಲಿದ್ದಾನೆ, ಎಷ್ಟು ಕುಡಿದಿದ್ದಾನೆ, ಮನೆಗೆ ಯಾವಾಗ ಬರುತ್ತಾನೆ, ಎಲ್ಲ ಆ ದನಿಯಲ್ಲೇ.

ವಿಮಾನ ನಾಳೆ ನಸುಕಿಗೆ. ಲ್ಯಾಬಿಗೆ ಬೀಗ. ಹೆಸರುಕಾಳು ಒಳಗೇ ಇದೆ.

ಅಕ್ಟೋಬರ್ 30, ಬುಧವಾರ, ವಿಮಾನದಲ್ಲಿ

ರಸ್ತೆಬದಿಯ ಗಾಡಿಯಲ್ಲಿ ಮಾವನ ಬ್ರಾಂಡಿನ ಸಿಗರೇಟು ಕೊಂಡೆ. ಸಿಗರೇಟುಗಳನ್ನು ಗಾಡಿಯವನಿಗೇ ವಾಪಸು ಕೊಟ್ಟು ಪ್ಯಾಕು ಮಾತ್ರ ಇಟ್ಟುಕೊಂಡೆ. ಅವನು ನನ್ನ ಮುಖ ನೋಡಿದ ರೀತಿ. ರಟ್ಟು ಮಡಚಿ ಸನ್ನೆಯ ಸಂದಿಗೆ ತುರುಕಿದೆ. ಸ್ಕ್ರೂ ಮೊದಲಿನಷ್ಟೇ ಏರಿಸಿದೆ. ನೋಡಿದರೆ ಕೊಟ್ಟಾಗ ಹೇಗಿತ್ತೋ ಹಾಗೆಯೇ.

ಲ್ಯಾಬಿಗೆ ಬೀಗ ಅಂತ ಬರೆದಿದ್ದೇನೆ. ಪೂರ್ತಿ ನಿಜವಲ್ಲ. ಬೆಸೆದಿದ್ದನ್ನು ಬಿಡಿಸಲು ಲ್ಯಾಬೇ ಬೇಕಿರಲಿಲ್ಲ, ಕತ್ತರಿಸಿದರೆ ಸಾಕಿತ್ತು. ಕತ್ತರಿಸಲಿಲ್ಲ. ಏಕೆಂದರೆ — ಮಾವನಿಗೆ ಇಷ್ಟವಾಗಬಹುದು, ‘ಏನೇ ಇದು, ಎಷ್ಟು ಇಂಪಾಗಿದೆ’ ಅನ್ನಬಹುದು ಅಂತ ಒಂದು ಆಸೆ. ಆಗ ಹೇಳೋಣ ಅಂತ.

ನವೆಂಬರ್ 1, ಶುಕ್ರವಾರ, ಸಂಜೆ

ಬಂದವರೆಲ್ಲ ಹೋದರು. ಅಂಗಳದ ತುಂಬ ಎಲೆ, ಎಲುಬು, ನಾಯಿಗಳು. ಬರೆದುಬಿಡುತ್ತೇನೆ.

ಅಜ್ಜಿಯ ಪೆಟ್ಟಿಗೆ ಅಂಗಳದ ನಡುವೆ. ಡೋಲಿನ ಸಾಲು, ವಾಲಗದಂಥ ಪೀಪಿ, ಕೀಬೋರ್ಡು, ಎತ್ತರದ ಸ್ಪೀಕರುಗಳು. ಜನ ಸಾಲು ಸಾಲಾಗಿ ಅಂಗೈ ಜೋಡಿಸಿ ಕುಣಿಯುತ್ತ ಅಜ್ಜಿಯ ಹತ್ತಿರ ಹೋಗಿ ಬರುತ್ತಿದ್ದರು. ಮಾವ ಹಿರಿಯ ಮಗ, ಪೆಟ್ಟಿಗೆಯ ತಲೆಯ ಕಡೆ ನಿಲ್ಲಬೇಕಾದವರು. ಮಧ್ಯಾಹ್ನ ಎಲ್ಲರ ಅಪ್ಪಣೆ ಕೇಳಿದರು, ‘ಒಂದೇ ಒಂದು ನಾನು ಬಾರಿಸ್ತೀನಿ. ಅಮ್ಮನಿಗೆ.’ ವಾದ್ಯದವರ ಕಡೆ ನಡೆದರು. ನಾನೇ ಗಿಟಾರು ಹೆಗಲಿಗೆ ಹಾಕಿದೆ. ಸಂದಿಯ ರಟ್ಟು ಮುಟ್ಟಿ ನೋಡಿಕೊಂಡರು, ಇದೆ ಅಂತ.

ಡೋಲು ಎದ್ದಿತು. ಪೀಪಿ ಎದ್ದಿತು. ಮಾವನ ಕೈ ಓಡುತ್ತಿತ್ತು. ದನಿ ಇರಲಿಲ್ಲ. ಇತ್ತು, ನನಗೆ ಗೊತ್ತು ಎಲ್ಲಿ ಹುಡುಕಬೇಕೆಂದು, ಡೋಲಿನ ಅಡಿಯಲ್ಲೆಲ್ಲೋ ಹತ್ತಿಯಲ್ಲಿ ಸುತ್ತಿದ ಹಾಗೆ. ಮಾವ ಆಂಪ್ ಏರಿಸಿದರು. ಗುಮ್ ಎಂದಿತು ಅಷ್ಟೇ. ಇನ್ನೂ ಜೋರಾಗಿ ಮೀಟಿದರು. ಕತ್ತಿನ ನರ ಎದ್ದು ಕಾಣುತ್ತಿತ್ತು. ತಲೆ ಬಗ್ಗಿಸಿ ಕಿವಿಯನ್ನು ಗಿಟಾರಿನ ಹತ್ತಿರ ತಂದರು. ಆಮೇಲೆ ಬೆರಳಿನಿಂದ ಕಿವಿಯನ್ನು ಅಲುಗಿಸಿದರು, ನೀರು ಹೊಕ್ಕವರ ಹಾಗೆ.

ನಡುವೆಯೇ ನಿಲ್ಲಿಸಿದರು. ಡೋಲಿನವರು ಒಂದು ಸುತ್ತು ಮುಂದೆ ಹೋಗಿ ನಿಂತರು.

‘ಕೇಳಿಸ್ತಾ?’ ಎಂದರು ಕೀಬೋರ್ಡಿನವನಿಗೆ.

ತಾಯಿಯನ್ನು ಕಳಿಸುತ್ತಿರುವ ಮಗನಿಗೆ ಯಾರು ಇಲ್ಲ ಅನ್ನುತ್ತಾರೆ. ‘ಕೇಳಿಸ್ತು ಭಾವ, ಚೆನ್ನಾಗ್ ಕೇಳಿಸ್ತು,’ ಎಂದ ಅವನು. ಡೋಲಿನ ಮುದುಕರೂ ತಲೆಯಾಡಿಸಿದರು.

ಮಾವ ನನ್ನ ಕಡೆ ತಿರುಗಿದರು. ‘ನಿನಗೆ?’

ಆ ಅಂಗಳದಲ್ಲಿ ನಿಜ ಗೊತ್ತಿದ್ದವಳು ನಾನೊಬ್ಬಳೇ.

‘ಕೇಳಿಸ್ತು ಮಾವ. ಕ್ಲಿಯರ್ ಆಗಿ.’

‘ಹಂಗಾದ್ರೆ ನನಗೇ ಕೇಳಿಸ್ಲಿಲ್ಲ,’ ಎಂದರು. ಗಿಟಾರು ನನ್ನ ಕೈಗೆ ಕೊಟ್ಟು ಪೆಟ್ಟಿಗೆಯ ಹತ್ತಿರ ವಾಪಸು ಹೋದರು. ಅಜ್ಜಿ ಅರ್ಧ ಹಾಡಿನಲ್ಲಿ ಹೋದಳು.

ನವೆಂಬರ್ 2, ಶನಿವಾರ

ಇಡೀ ದಿನ ಹಂಡೆ ಉಜ್ಜಿದೆವು, ನಾನು, ಅಮ್ಮ, ಅತ್ತೆ. ಮಾವ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತರು.

‘ನನ್ನ ಕಿವಿ ಹೋಯ್ತು,’ ಎಂದರು. ಸುಮ್ಮನೆ, ಚಪ್ಪಲಿ ಕಿತ್ತುಹೋಯ್ತು ಅನ್ನುವ ಹಾಗೆ.

ಅತ್ತೆ ಹಂಡೆ ಬಿಟ್ಟು ಎದ್ದಳು. ‘ಈಗ ಗೊತ್ತಾಯ್ತಾ ದೊರೆಗೆ? ಒಂದು ವರ್ಷದಿಂದ ಬಡ್ಕೊಳ್ತಿದ್ದೀನಿ. ಹಂದಿ ಗೂಡು ಮುರ್ಕೊಂಡು ತೋಟಕ್ಕೆ ನುಗ್ಗಿದ್ರೂ ಕೇಳಲ್ಲ. ಟೀವಿ ಇಟ್ರೆ ಪಕ್ಕದ ಮನೆಯೋರು ಟೀವಿ ಕೊಳ್ಳೋದೇ ಬೇಡ. ಏನಂದ್ರೂ ಆಂ, ಆಂ.’

‘ಆಂ?’ ಎಂದರು ಮಾವ.

ಅಮ್ಮ ನಕ್ಕಳು, ಅತ್ತೆಯೂ ನಕ್ಕಳು. ಮಾವನೂ. ಅದು ಬೇಕೆಂದು ಅಂದಿದ್ದೋ ಅಲ್ಲವೋ ತಿಳಿಯಲಿಲ್ಲ.

ಹಾಗಾದರೆ ನಿಜವಾಗಿಯೂ ಮಂದವಾಗಿದೆ ಅವರ ಕಿವಿ. ನಾನು ಗಿಟಾರಿನ ಎದೆ ಬಿಚ್ಚುವ ಮೊದಲಿನಿಂದಲೂ. ಆ ಹರಿತವಾದ ದನಿಯೊಂದೇ ಒಳಗೆ ಹೋಗುತ್ತಿತ್ತು. ಆ ದನಿಗೇ ನಾನು ಹತ್ತಿ ತುರುಕಿದ್ದು.

ಅಮ್ಮ ಆಗಲೇ ಫೋನ್ ಮಾಡಿ ಅವಳ ಆಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ಹನ್ನೊಂದನೇ ತಾರೀಖು, ಸೋಮವಾರ, ಹೊತ್ತು ಗೊತ್ತು ಮಾಡಿದಳು. ನಾನು ಅಲ್ಲಿಯವರೆಗೂ ಉಳಿದು ಮಾವನನ್ನು ಮೇದಾನಿಗೆ ಕರೆದುಕೊಂಡು ಹೋಗಿ, ಹಾಗೆಯೇ ಬಾಂಡುಂಗಿಗೆ. ಮಾವ ಹೂಂ ಎಂದರು. ಅತ್ತೆ ಸೋಪಿನ ಕೈಯಲ್ಲೇ ನನ್ನ ಕೈ ಹಿಡಿದು ಒತ್ತಿದಳು. ‘ಹೋದೋಳು ಹೋಗ್ತಾ ನಿನ್ನ ಮಾವನಿಗೆ ಬುದ್ಧಿ ಕೊಟ್ಟು ಹೋದ್ಲು.’

ನೋಡು, ಒಳ್ಳೆಯದೇ ಆಯಿತಲ್ಲ ಎಂದು ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಎಷ್ಟು ಸುಲಭ.

ಊಟದ ಹೊತ್ತಿಗೆ ಮಾವ ಗಿಟಾರನ್ನು ನನ್ನ ಚೀಲದ ಪಕ್ಕ ತಂದಿಟ್ಟರು. ‘ಇನ್ನು ಕರೆಯಲ್ಲ ನಾನು. ನಿಂದೇ.’

ನವೆಂಬರ್ 5, ಮಂಗಳವಾರ

ಅಮ್ಮ ಮೊನ್ನೆಯೇ ಮೇದಾನಿಗೆ ಹೋದಳು. ಮಾವ ಬಾವಿಕಟ್ಟೆಯ ಮೇಲೆ ಕೂತಿರುತ್ತಾರೆ. ನೀರಿನ ಕಡೆ ಮುಖ. ಚರ್ಚಿನ ಹುಡುಗರಿಗೆ ಕ್ರಿಸ್‌ಮಸ್ ಹಾಡು ಕಲಿಸುವವರು ಪ್ರತಿ ವರ್ಷ ಇವರೇ. ಇವತ್ತು ಇಬ್ಬರು ಬಂದಿದ್ದರು. ‘ಕಿವುಡನ ಹತ್ತಿರ ಹಾಡು ಕಲಿತು ದೇವರಿಗೆ ತಲೆನೋವು ತರಿಸ್ತೀರಾ? ಕೀಬೋರ್ಡಿನವನನ್ನ ಕೇಳ್ಕೊಳ್ಳಿ,’ ಎಂದು ಕಳಿಸಿದರು. ತಮಾಷೆಯಾಗಿಯೇ ಅಂದರು. ಅವರು ಹೋದ ಮೇಲೆ ಗೋಡೆಯ ಖಾಲಿ ಗೂಟಕ್ಕೆ ಟೋಪಿ ನೇತು ಹಾಕಿದರು.

ಹೇಳಬೇಕು. ಹೇಳಲು ಹೋದೆ. ನಮ್ಮಲ್ಲಿ ಅಮ್ಮನ ಅಣ್ಣ ಎಂದರೆ ಕಣ್ಣಿಗೆ ಕಾಣುವ ದೇವರು, ಅವರು ತಲೆಗೆ ಅಕ್ಕಿ ಹಾಕಿ ಹರಸಿದರೆ ಮಾತ್ರ ಬದುಕು ನೆಟ್ಟಗಾಗುವುದು. ಅವರಿಗೆ ಏನೆಂದು ಹೇಳಲಿ? ಮಾವ, ನಿಮ್ಮ ಗಿಟಾರು ಕೇಳಿ ನನ್ನ ಫ್ರೆಂಡ್ಸ್ ನಕ್ಕರು, ಅದಕ್ಕೆ ಅದರ ಬಾಯಿ ಕಟ್ಟಿದೆ ಎಂದೇ? ನಮ್ಮ ಥರ ಮಾತಾಡುತ್ತಿತ್ತು, ನಾಚಿಕೆಯಾಯಿತು ಎಂದೇ?

ಬಾವಿಕಟ್ಟೆಯ ತನಕ ಹೋದೆ. ‘ಕಾಫಿ ಬೇಕಾ ಮಾವ?’ ಎಂದು ಕೇಳಿ ವಾಪಸು ಬಂದೆ.

ಆಮೇಲೆ ಕೋಣೆಯ ಬಾಗಿಲು ಹಾಕಿ, ತಗಡು ಬಿಚ್ಚಿ, ಉಗುರು ಕತ್ತರಿಸುವುದರಿಂದ ಹೆಸರುಕಾಳಿನ ಎರಡು ಕಾಲನ್ನೂ ಕತ್ತರಿಸಿದೆ. ಟಕ್, ಟಕ್. ಇಷ್ಟೇ ಇತ್ತು ಕೆಲಸ. ಬಾಂಡುಂಗಿನಲ್ಲೇ ಮಾಡಬಹುದಿತ್ತು. ಅಜ್ಜಿಗೆ ಪೂರ್ತಿ ಹಾಡು ಸಿಗುತ್ತಿತ್ತು.

ನವೆಂಬರ್ 6, ಬುಧವಾರ

‘ಒಂದ್ಸಲ ಬಾರಿಸಿ ಮಾವ. ನನಗೋಸ್ಕರ.’

‘ಬೇಡ ಬಿಡು.’

‘ಒಂದೇ ಸಲ. ನಾನು ಹೋಗೋಕೆ ಮುಂಚೆ.’

ಅತ್ತೆ ಮೀನಿಗೆ ಮಸಾಲೆ ಅರೆಯುತ್ತಿದ್ದಳು. ಮಾವ ಬೇಡದ ಮನಸ್ಸಿನಿಂದ ಹೆಗಲಿಗೇರಿಸಿದರು. ಒಂದು ಸಲ ಮೀಟಿದರು.

ಕೋಳಿಗಳು ಹಾರಿದವು. ಆ ಸದ್ದು ತಗಡಿನ ಮಾಡಿಗೆ ಬಡಿದು, ಅಂಗಳ ದಾಟಿ, ನೀರಿನ ಮೇಲೆ ಹೋಯಿತು. ತಗಡಿನ ಮೇಲೆ ಮೊಳೆ, ಹೌದು, ಅದೇ. ಅತ್ತೆ ಅರೆಯುವುದನ್ನು ನಿಲ್ಲಿಸಿದಳು.

ಮಾವ ಅಲುಗಲಿಲ್ಲ. ಇನ್ನೊಮ್ಮೆ ಮೀಟಿದರು. ಆಮೇಲೆ ಅಜ್ಜಿಯ ಹಾಡು ಶುರು ಮಾಡಿ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಗೆ ಬಂದು, ದಾಟಿ, ಕೊನೆಯವರೆಗೂ ಹೋದರು. ಕಣ್ಣಿಂದ ನೀರು ಇಳಿದು ಗದ್ದದಲ್ಲಿ ನಿಂತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

‘ಕೇಳಿಸ್ತಿದೆ,’ ಎಂದರು. ‘ಏ ಇವಳೇ, ನನಗೆ ಕೇಳಿಸ್ತಿದೆ ಕಣೇ.’

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಅವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು.

ನವೆಂಬರ್ 8, ಶುಕ್ರವಾರ

ದೇವರೇ, ಇದು ಎಲ್ಲಿಗೆ ಹೋಗುತ್ತಿದೆ.

ಮಾವ ಬೆಳಗ್ಗೆ ಚರ್ಚಿನ ಹಿರಿಯರ ಮನೆಗೆ ಹೋಗಿ ಕೃತಜ್ಞತೆಯ ಕಾಣಿಕೆ ಕೊಟ್ಟು ಬಂದಿದ್ದಾರೆ. ಭಾನುವಾರ ಆರಾಧನೆಯ ನಡುವೆ ಪ್ರಕಟಣೆಗಳ ಹೊತ್ತಿಗೆ ಎಲ್ಲರ ಮುಂದೆ ಓದುತ್ತಾರೆ — ಇಂಥವರ ಮಗ ಪಾಸಾದ, ಇಂಥವರಿಗೆ ಹೊಸ ಮನೆ, ಸಹಾತನ ಅಪ್ಪನಿಗೆ ಕಿವಿ ವಾಪಸು ಬಂತು. ಊರಿಗೆಲ್ಲ ಸುದ್ದಿ. ಹೆಂಡದಂಗಡಿಯಲ್ಲಿ ಯಾರೋ ‘ಮೊದಲು ಕಿವಿ ತೊಳ್ಕೋ ಮಾರಾಯ, ಆಮೇಲೆ ಪವಾಡ ಅನ್ನು’ ಎಂದರಂತೆ. ಮಾವ ನಕ್ಕು ಅವರಿಗೂ ಒಂದು ಲೋಟ ಹೇಳಿದರಂತೆ. ಚರ್ಚ್ ಮುಗಿದ ಮೇಲೆ ಮನೆಯಲ್ಲಿ ಹಂದಿ ಅಡುಗೆ. ನನಗೆ ಉಲೋಸ್ ಹೊದಿಸುತ್ತಾರಂತೆ, ಅಜ್ಜಿ ನೇಯ್ದ ಶಾಲು. ‘ಅಮ್ಮ ಇವಳ ಕೈಲಿ ಕಳಿಸಿದ್ಲು ನನ್ನ ಕಿವೀನ.’

ಸೋಮವಾರದ ಡಾಕ್ಟರು ಬೇಡವಂತೆ. ‘ದೇವರು ಕೊಟ್ಟಿದ್ದನ್ನ ಡಾಕ್ಟ್ರಿಗೆ ತೋರಿಸಿ ಸರಿ ಇದ್ಯಾ ಅಂತ ಕೇಳ್ಲಾ?’

ಅತ್ತೆ ಕಟ್ಟಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಕಣ್ಣು ಕೆಂಪಗಿತ್ತು, ಹೊಗೆಯಿಂದಲ್ಲ. ‘ನಿನ್ನೆ ಹಿಂದಿನಿಂದ ಲಾರಿ ಬಂತು ತಿಯುರ್. ಹಾರನ್ ಹೊಡೆದ. ನಿನ್ನ ಮಾವ ರಸ್ತೆ ಮಧ್ಯ ಹಾಡ್ಕೊಂಡು ಹೋಗ್ತಿದ್ರು. ನಾನು ಓಡಿ ಅಂಗಿ ಹಿಡ್ದು ಎಳ್ದೆ. ಹೇಳಿದ್ರೆ ದೇವರ ಮೇಲೆ ಅನುಮಾನ ಪಡ್ತೀಯಾ ಅಂತಾರೆ. ನಾನೇನ್ ಮಾಡ್ಲಿ? ನೀನು ಓದಿದೋಳು, ನೀನಾದ್ರೂ ಹೇಳು.’

ಅವಳಿಗೂ ಹೇಳಲಿಲ್ಲ. ಕಟ್ಟಿಗೆ ಎತ್ತಿಕೊಟ್ಟೆ.

ಬಾಯಿ ಕಟ್ಟಿದ್ದು ಒಂದು ತಪ್ಪು. ಕದ್ದು ಬಿಚ್ಚಿದ್ದು ಅದಕ್ಕಿಂತ ದೊಡ್ಡದು. ಬಿಚ್ಚಿದರೆ ಮುಗಿಯಿತು ಅಂದುಕೊಂಡೆ, ಯಾರಿಗೂ ಗೊತ್ತಾಗದೆ. ಈಗ ಅದಕ್ಕೆ ದೇವರ ಹೆಸರು ಬಂದಿದೆ.

ನವೆಂಬರ್ 10, ಭಾನುವಾರ, ಚರ್ಚಿನಲ್ಲಿ

ಕೀರ್ತನೆ ಪುಸ್ತಕದೊಳಗೆ ಇದನ್ನಿಟ್ಟು ಬರೆಯುತ್ತಿದ್ದೇನೆ. ಪಕ್ಕದ ಮುದುಕಿ ನಾನು ಪ್ರಸಂಗ ಬರೆದುಕೊಳ್ಳುತ್ತಿದ್ದೇನೆ ಎಂದು ಮೆಚ್ಚಿ ನೋಡುತ್ತಿದ್ದಾಳೆ.

ಬೆಳಗ್ಗೆ ಹೇಳಿದೆ. ಹೇಳಿಯೇಬಿಟ್ಟೆ. ಮಾವ ಕಿಟಕಿಯ ಕಡೆ ಮುಖ ಮಾಡಿ ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರ ಮುಖ ಕಾಣದಿದ್ದರೆ ಹೇಳಬಲ್ಲೆ ಎನಿಸಿತು. ಬಾಗಿಲಲ್ಲೇ ನಿಂತೆ. ಕತ್ತರಿಸಿದ ಹಸಿರು ಕಾಳು ಅಂಗೈಯಲ್ಲಿತ್ತು. ಎಲ್ಲ ಹೇಳಿದೆ. ಫ್ರೆಂಡ್ಸ್ ನಕ್ಕಿದ್ದು, ಪೇಟೆಯಲ್ಲಿ ಕೊಂಡೆ ಎಂದಿದ್ದು, ಲ್ಯಾಬು, ಹೊಸ ರಟ್ಟು, ಅಜ್ಜಿಯ ಅರ್ಧ ಹಾಡು, ಕೇಳಿಸ್ತು ಎಂದ ನನ್ನ ಸುಳ್ಳು, ಉಗುರು ಕತ್ತರಿ. ಪವಾಡ ಅಲ್ಲ ಮಾವ, ನಾನು. ಸೋಮವಾರ ಡಾಕ್ಟರ ಹತ್ತಿರ ಬನ್ನಿ ಮಾವ. ಬತಾಕ್ ಮಾತು ಸಿಗದ ಕಡೆ ಇಂಗ್ಲಿಷ್ ಹಾಕಿದೆ, ಆದರೂ ಬಿಡಲಿಲ್ಲ. 

ಮಾವ ಕೊನೆಯ ಗುಂಡಿ ಹಾಕಿ, ಹಾಡು ಗುನುಗುತ್ತ ತಿರುಗಿದರು. ನನ್ನನ್ನು ಕಂಡು ಬೆಚ್ಚಿದರು.

‘ಅರೆ, ಯಾವಾಗ್ ಬಂದೆ ನೀನು?’

ಒಂದು ಅಕ್ಷರವೂ ಕೇಳಿಸಿರಲಿಲ್ಲ. ಕೂದಲು ಬಾಚಿಕೊಂಡು ಬಾ, ಹೊತ್ತಾಯ್ತು ಎಂದು ಕೆನ್ನೆ ತಟ್ಟಿ ಹೋದರು.

ಈಗ ಮುಂದಿನ ಸಾಲಿನಲ್ಲಿದ್ದಾರೆ. ಬಲಗಿವಿಯನ್ನು ವೇದಿಕೆಯ ಕಡೆ ತಿರುಗಿಸಿಕೊಂಡು. ಅತ್ತೆಯ ಮಡಿಲ ಚೀಲದಲ್ಲಿ ಅಜ್ಜಿಯ ಶಾಲು, ಅಂಚು ಹೊರಗೆ ಕಾಣುತ್ತಿದೆ. ಎರಡನೇ ಕೀರ್ತನೆ ಮುಗಿಯಿತು. ಹಿರಿಯರು ಕನ್ನಡಕ ಒರೆಸುತ್ತಿದ್ದಾರೆ. ಪ್ರಕಟಣೆ. ಯಾರದೋ ನಿಶ್ಚಿತಾರ್ಥ. ಯಾರದೋ ಮಗು.

ಕಾಳು ಕೈಯಲ್ಲೇ ಇದೆ. ಇಷ್ಟು ದೂರದಿಂದ ಅವರಿಗೆ ಕೇಳಬೇಕಾದರೆ ಇಡೀ ಚರ್ಚಿಗೆ ಕೇಳಬೇಕು. ಬೇರೆ ದಾರಿಯಿಲ್ಲ. ನನ್ನ ಗಂಟಲಲ್ಲಿ ಅಂಥ ದನಿ ಇದೆಯೋ ಇಲ್ಲವೋ ಗೊತ್ತಿಲ್ಲ, ಒಂದು ಸಲವೂ ತೆಗೆದು ನೋಡಿಲ್ಲ.

ಹಿರಿಯರು ಕಾಗದ ತಿರುವಿದರು. ಮಾವ ಬೆನ್ನು ನೆಟ್ಟಗೆ ಮಾಡಿ ಕೂತರು. ‘ಸಹಾತನ ಅಪ್ಪ’ — ಎದ್ದೆ, ನಿಂತುಕೊಂಡೇ ಬರೆಯುತ್ತಿದ್ದೇನೆ, ಮುದುಕಿ ಅಂಗಿಯ ಚುಂಗು ಎಳೆಯುತ್ತಿದ್ದಾಳೆ, ಎಲ್ಲರೂ ತಿರುಗಿ